ಪಟಿಕದ ಕಲ್ಲು, ಡಿಯೋ ಡಬ್ಬಿ

ಏಪ್ರಿಲ್ ತಿಂಗಳ ಸಂಜೆ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ಸು ಹತ್ತಿದವರಿಗೆ ಒಂದು ಸತ್ಯ ಗೊತ್ತಿರುತ್ತದೆ: ಸೀಟು ಸಿಕ್ಕಿದವರೆಲ್ಲ ಪುಣ್ಯವಂತರಲ್ಲ. ಮೇಲಿನ ಕಂಬಿಗೆ ಜೋತುಬಿದ್ದವರ ಕಂಕುಳು ಕೂತವರ ಮೂಗಿನ ಮಟ್ಟಕ್ಕೇ ಬರುತ್ತದೆ. ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿ, ಆದರೂ ಅವತ್ತು ಅದು ಬೆಂಗಳೂರಿನಷ್ಟು ದೂರ. ಬೆಳಿಗ್ಗೆಯಿಂದ ಪಾಲಿಯೆಸ್ಟರ್ ಅಂಗಿಯೊಳಗೆ ಬೆಂದ ಕಮಟು ಒಂದು ಕಡೆ. ಕಾಲೇಜು ಮುಗಿಸಿ ಹತ್ತಿದ ಹುಡುಗರು ಬ್ಯಾಗಿನಿಂದ ಡಬ್ಬಿ ತೆಗೆದು ಅಂಗಿಯ ಮೇಲೇ ಬುಸ್ಸೆಂದು ಹೊಡೆದುಕೊಂಡ ಘಾಟು ಇನ್ನೊಂದು ಕಡೆ. ಎರಡೂ ಕೂಡಿದಾಗ ಹುಟ್ಟುವ ಮೂರನೆಯದಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ಬಿದ್ದಿಲ್ಲ.

ಆ ಹುಡುಗರನ್ನು ಬೈಯುವ ಮೊದಲು ಅವರಿಗೆ ಯಾರೂ ಹೇಳದ ಒಂದು ಮಾತನ್ನು ಹೇಳಬೇಕು. ಬೆವರು ನಾರುವುದಿಲ್ಲ.

ಭದ್ರಾವತಿಯವರಿಗೆ ಇದನ್ನು ಒಪ್ಪಿಸುವುದು ಸುಲಭ. ಆ ಊರಿನ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಮೇಲೆ ಆ ಹೆಸರಿಗೆ ಇನ್ನೊಂದು ಅರ್ಥವೂ ಬಂತೆನ್ನಬೇಕು. ಕುಲುಮೆಯ ಬದಿಯಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ಶಿಫ್ಟ್ ಮುಗಿಸಿ ಮನೆಗೆ ಬರುವಾಗ ಅವರ ಖಾಕಿ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಗಳು ನಕ್ಷೆಯ ಹಾಗೆ ಮೂಡಿರುತ್ತಿದ್ದವಂತೆ. ಕಳಚಿಟ್ಟರೆ ಅಂಗಿ ತಾನೇ ನಿಲ್ಲುತ್ತಿತ್ತು ಎಂದು ಅವರ ಮನೆಯವರು ಇವತ್ತಿಗೂ ನಗುತ್ತಾರೆ. "ಕುಲುಮೆ ಬೆವರು ನಾರಲ್ಲ ಮಾರಾಯ, ನಾರೋದು ಬೇರೆ" ಎನ್ನುವುದು ಅವರ ತೀರ್ಪು. ಚರ್ಮಶಾಸ್ತ್ರದ ಪುಸ್ತಕ ಹೇಳುವುದೂ ಅದನ್ನೇ.

ನಮ್ಮ ಮೈಯಲ್ಲಿ ಎರಡು ಜಾತಿಯ ಬೆವರು ಗ್ರಂಥಿಗಳಿವೆ. ಒಂದು ಎಕ್ರೈನ್. ಹಣೆ, ಬೆನ್ನು, ಅಂಗೈ, ಅಂಗಾಲು ಎನ್ನದೆ ಮೈತುಂಬ ಇಪ್ಪತ್ತರಿಂದ ನಲವತ್ತು ಲಕ್ಷದಷ್ಟು ಹರಡಿಕೊಂಡಿವೆ. ಇವು ಬಿಡುವುದು ಹೆಚ್ಚುಕಡಿಮೆ ಬರೀ ಉಪ್ಪುನೀರು. ಕೆಲಸ ಒಂದೇ, ಮೈ ತಣಿಸುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾದರೆ ಮಾತ್ರ, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದಂಡ. ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ಗಾಳಿಯೇ ನೀರು ಕುಡಿದು ಕೂತಿರುವಾಗ ನಮಗೆ ಅಷ್ಟು ಸೆಕೆಯಾಗುವುದು ಅದಕ್ಕೇ. ಬೆವರು ಬರುತ್ತದೆ, ಹೋಗುವುದಿಲ್ಲ. ಬಿಸಿಗೆ ಹೊಸದಾಗಿ ಬಂದ ಕೆಲಸಗಾರನ ಮೈ ಒಂದೆರಡು ವಾರದಲ್ಲಿ ಪಳಗುತ್ತದೆ ಎನ್ನುವುದು ಇನ್ನೊಂದು ಸೋಜಿಗ. ಬೇಗ ಬೆವರಲು ಕಲಿಯುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಬೆವರಿನಲ್ಲಿ ಉಪ್ಪನ್ನು ಜಿಪುಣತನದಿಂದ ಬಿಡುತ್ತದೆ.

ಎರಡನೆಯ ಜಾತಿ ಅಪೊಕ್ರೈನ್. ಕಂಕುಳು, ತೊಡೆಸಂದು, ಮೊಲೆತೊಟ್ಟಿನ ಸುತ್ತ, ಹೀಗೆ ಕೆಲವೇ ಕಡೆ, ಕೂದಲಿನ ಬುಡಕ್ಕೆ ಬಾಯಿ ಇಟ್ಟುಕೊಂಡು ಕೂತಿವೆ. ಹುಟ್ಟಿನಿಂದಲೇ ಇದ್ದರೂ ಪ್ರಾಯ ಬರುವ ತನಕ ನಿದ್ದೆಯಲ್ಲಿರುತ್ತವೆ. ಐದನೇ ಕ್ಲಾಸಿನ ಮಗು ಮೈದಾನದಲ್ಲಿ ಎಷ್ಟು ಕುಣಿದು ಬಂದರೂ ಕಂಕುಳು ನಾರುವುದಿಲ್ಲ, ಎರಡು ಮೂರು ವರ್ಷ ಕಳೆಯಲಿ, ತಾಯಂದಿರು ಯೂನಿಫಾರ್ಮ್ ಒಗೆಯುವಾಗ ಮೂಗು ಸಿಂಡರಿಸಲು ಶುರುಮಾಡುತ್ತಾರೆ. ಈ ಗ್ರಂಥಿ ಬಿಡುವುದು ಎಣ್ಣೆ, ಪ್ರೋಟೀನು ಬೆರೆತ ಮಂದದ ದ್ರವ. ಹೊರಬಂದ ಗಳಿಗೆಯಲ್ಲಿ ಅದಕ್ಕೂ ವಾಸನೆ ಇಲ್ಲ. ಆದರೆ ಕಂಕುಳೆಂದರೆ ಬಿಸಿ, ತೇವ, ಕತ್ತಲೆ ಮೂರೂ ಇರುವ ಜಾಗ. ಅಲ್ಲಿ ಬಿಡಾರ ಹೂಡಿದ ಬ್ಯಾಕ್ಟೀರಿಯಾಗಳಿಗೆ ಆ ದ್ರವ ಊಟ. ಕೊರಿನೆಬ್ಯಾಕ್ಟೀರಿಯಂ ಕುಲದವು ಅದನ್ನು ಒಡೆದು ಆಡಿನ ಮೈಯ ಘಾಟಿನಂಥ ಆಮ್ಲಗಳನ್ನು ಬಿಡುತ್ತವೆ. ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬುದು ಗಂಧಕವಿರುವ ಒಂದು ಅಣುವನ್ನು ಬಿಡುತ್ತದೆ, ಅದರದು ಹಳಸಿದ ಈರುಳ್ಳಿಯ ನಾತ. ಲೆಕ್ಕಕ್ಕೆ ಸಿಗದಷ್ಟು ಸ್ವಲ್ಪವಿದ್ದರೂ ಮೂಗಿಗೆ ಸಿಗುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಯೂನಿಲಿವರ್ ಕಂಪನಿಯ ವಿಜ್ಞಾನಿಗಳ ಜೊತೆ ಸೇರಿ 2020ರಲ್ಲಿ ಆ ಬ್ಯಾಕ್ಟೀರಿಯಾದ ಕಿಣ್ವದ ರಚನೆಯನ್ನು ಬಿಡಿಸಿ ತೋರಿಸಿದರು. ಮನುಷ್ಯ ಮನುಷ್ಯನಾಗುವ ಎಷ್ಟೋ ಮೊದಲೇ ಆ ಕಿಣ್ವ ಇತ್ತು ಎಂದೂ ಹೇಳಿದರು. ಅಂದರೆ ಬಸ್ಸಿನ ಕಮಟು ಬಸ್ಸಿಗಿಂತ, ಊರಿಗಿಂತ, ನಮಗಿಂತ ಹಳೆಯದು.

ಎಲ್ಲರಿಗೂ ಈ ಭಾಗ್ಯ ಇಲ್ಲ. ಕಿವಿಗುಗ್ಗೆ ಅಂಟಂಟಾಗಿರಬೇಕೋ ಒಣಪುಡಿಯಾಗಿರಬೇಕೋ ಎಂದು ತೀರ್ಮಾನಿಸುವ ಜೀನ್ ಒಂದಿದೆ, 2006ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ್ದು. ಕಂಕುಳಿನ ವಾಸನೆಯ ಕಚ್ಚಾಮಾಲು ಗ್ರಂಥಿಯಿಂದ ಹೊರಬರಬೇಕಾದರೂ ಅದೇ ಜೀನ್ ಬೇಕು. ಕೊರಿಯಾ, ಜಪಾನ್ ಕಡೆಯ ಬಹುಪಾಲು ಜನರ ಗುಗ್ಗೆ ಒಣಗುಗ್ಗೆ, ಕಂಕುಳಿಗೆ ವಾಸನೆಯೂ ಇಲ್ಲವೆನ್ನುವಷ್ಟು. ನಮ್ಮಲ್ಲಿ ಹೆಚ್ಚಿನವರದು ಅಂಟುಗುಗ್ಗೆ. ಊಟದ ಪಾತ್ರವೂ ಒಂದಿಷ್ಟಿದೆ. ಮೆಂತ್ಯ ತಿಂದ ಬಾಣಂತಿಯ ಬೆವರಿಗೆ ಸಕ್ಕರೆ ಪಾಕದಂಥ ವಾಸನೆ ಬರುವುದು ಅಜ್ಜಿಯರ ಕಲ್ಪನೆಯಲ್ಲ. ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ಪದಾರ್ಥ ಬೆವರಿನಲ್ಲಿ ಹಾಗೇ ಹೊರಬರುತ್ತದೆ.

ಇಷ್ಟು ತಿಳಿದರೆ ಅಂಗಡಿಯ ಕಪಾಟು ಅರ್ಥವಾಗುತ್ತದೆ. ನಾತ ತಡೆಯಲು ಎರಡೇ ದಾರಿ. ಬ್ಯಾಕ್ಟೀರಿಯಾವನ್ನು ಹತ್ತಿಕ್ಕಿ ಮೇಲೊಂದು ಪರಿಮಳ ಹೊದಿಸುವುದು ಒಂದು, ಅದು ಡಿಯೋಡರಂಟ್. ಬೆವರು ಬರುವ ಕೊಳವೆಗೇ ಬಿರಡೆ ಹಾಕಿ ಬ್ಯಾಕ್ಟೀರಿಯಾಕ್ಕೆ ತೇವ ಸಿಗದಂತೆ ಮಾಡುವುದು ಇನ್ನೊಂದು, ಅದು ಆ್ಯಂಟಿಪರ್ಸ್ಪಿರಂಟ್. ನಮ್ಮಲ್ಲಿ ಎರಡಕ್ಕೂ 'ಡಿಯೋ' ಎಂದೇ ಹೆಸರು. ಗೊಂದಲದ ಬೇರು ಅಲ್ಲಿದೆ.

ಬಸ್ಸಿನ ಹುಡುಗರ ಡಬ್ಬಿಯಲ್ಲಿರುವುದು ಬಹುಪಾಲು ಆಲ್ಕೊಹಾಲು, ಸುಗಂಧ, ತಳ್ಳುವುದಕ್ಕೆ ಗ್ಯಾಸು. ಆಲ್ಕೊಹಾಲು ಒಂದಿಷ್ಟು ಬ್ಯಾಕ್ಟೀರಿಯಾ ಕೊಂದು ಕ್ಷಣದಲ್ಲಿ ಆರಿಹೋಗುತ್ತದೆ. ಅದು ಕೆಲಸ ಮಾಡಬೇಕಾದರೂ ತೊಳೆದು ಒರೆಸಿದ ಚರ್ಮಕ್ಕೆ ತಾಗಬೇಕು, ಬೆವರಿ ನೆನೆದ ಅಂಗಿಗಲ್ಲ. ನಮ್ಮ ದೇಶದ ಅಂಗಡಿಗಳಿಗೆ 1999ರಲ್ಲಿ ಆ್ಯಕ್ಸ್ ಡಿಯೋ ಬಂತು, 2011ರಲ್ಲಿ 'ಗ್ಯಾಸ್ ಇಲ್ಲ' ಎಂದು ಹೇಳಿಕೊಂಡು ಅಹಮದಾಬಾದಿನ ಫಾಗ್ ಬಂತು. ಈ ನಡುವೆ ಜಾಹೀರಾತುಗಳು ಎಷ್ಟು ಮಿತಿಮೀರಿದವೆಂದರೆ 2011ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಮಧ್ಯೆ ಬಂದು, ಅವನ್ನು ತಿದ್ದಿಸಿ ಇಲ್ಲವೇ ತೆಗೆಸಿ ಎಂದು ಹೇಳಬೇಕಾಯಿತು. ಹುಡುಗಿಯರು ಹಿಂದೆ ಓಡಿಬರುತ್ತಾರೆಂದು ಡಬ್ಬಿ ಕೊಂಡ ಪೀಳಿಗೆ ನಮ್ಮದು. ಬೆವರು ನಿಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಜಾಹೀರಾತಿನವರೂ ಹೇಳಲಿಲ್ಲ.

ಇನ್ನು ಬಿರಡೆಯ ವಿಚಾರ. ಇದಕ್ಕೆ ನಾನು ನಿಮ್ಮನ್ನು ಮೊದಲು ಕಟಿಂಗ್ ಶಾಪಿಗೆ ಕರೆದೊಯ್ಯಬೇಕು. ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಕಲ್ಲುಸಕ್ಕರೆಯಂಥ ಆ ಗಟ್ಟಿ, ಅದು ಪಟಿಕ. ರಸಾಯನಶಾಸ್ತ್ರದ ಹೆಸರು ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಗಾಯದ ಬಾಯಲ್ಲಿ ರಕ್ತದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ನಿಲ್ಲಿಸುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಮಳೆಗಾಲದ ಹೊಳೆ ಕೆಂಪಾಗಿ ಬಂದಾಗ ಕೊಡದ ನೀರಿಗೆ ಇದನ್ನೇ ನಾಲ್ಕು ಸುತ್ತು ತಿರುಗಿಸಿಡುತ್ತಿದ್ದರು. ತೇಲುವ ಮಣ್ಣಿನ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೆಳಗಾಗುವುದರೊಳಗೆ ತಳಕ್ಕೆ ಕೂರುತ್ತಿದ್ದವು. ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕಗಳು ಮಾಡುವುದೂ ಅದನ್ನೇ, ದೊಡ್ಡ ಪ್ರಮಾಣದಲ್ಲಿ. ಭದ್ರಾವತಿಯ ಪೇಪರ್ ಟೌನಿನವರಿಗೆ ಇನ್ನೊಂದು ಉಪಯೋಗವೂ ನೆನಪಿರಬಹುದು: ಶಾಯಿ ಹರಡದ ಕಾಗದ ಮಾಡಲು ರಾಳದ ಜೊತೆ ಅಲ್ಯೂಮಿನಿಯಂ ಸಲ್ಫೇಟ್ ಬೆರೆಸುವುದು ಕಾಗದ ತಯಾರಿಕೆಯ ಹಳೆಯ ಪದ್ಧತಿ.

ಕೆನ್ನೆಯ ಗಾಯ, ಕೊಡದ ನೀರು, ಕಾಗದದ ಹಾಳೆ. ಕಂಕುಳಿನಲ್ಲಿ ನಡೆಯುವುದು ಈ ಸಂಸಾರದ್ದೇ ಇನ್ನೊಂದು ಕೆಲಸ. ಆ್ಯಂಟಿಪರ್ಸ್ಪಿರಂಟಿನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನಲ್ಲಿ ಕರಗಿ ಕೊಳವೆಯ ಬಾಯಿಯೊಳಕ್ಕೆ ಇಳಿಯುತ್ತದೆ, ಅಲ್ಲಿನ ಪ್ರೋಟೀನಿನ ಜೊತೆ ಸೇರಿ ಲೋಳೆಯಂಥ ಬಿರಡೆಯಾಗುತ್ತದೆ. ಹಿಂದಿನಿಂದ ಬರುವ ಬೆವರು ಅಲ್ಲೇ ತಡೆಯುತ್ತದೆ. ಚರ್ಮದ ಮೇಲ್ಪದರ ದಿನದಿನ ಉದುರುವಾಗ ಬಿರಡೆಯೂ ಸವೆದು ಹೋಗುತ್ತದೆ, ಅದಕ್ಕೇ ಮತ್ತೆ ಮತ್ತೆ ಹಚ್ಚಬೇಕು. ಗ್ರಂಥಿಗೆ ಏನೂ ಆಗುವುದಿಲ್ಲ. ಈ ಉಪಾಯಕ್ಕೆ ನೂರು ವರ್ಷ ದಾಟಿತು: ಅಮೆರಿಕದಲ್ಲಿ 1888ರಲ್ಲಿ 'ಮಮ್' ಎಂಬ ಡಿಯೋಡರಂಟ್ ಮುಲಾಮು, 1903ರಲ್ಲಿ 'ಎವರ್‌ಡ್ರೈ' ಎಂಬ ಅಲ್ಯೂಮಿನಿಯಂ ಕ್ಲೋರೈಡಿನ ದ್ರವ ಬಂದವು. ಅಲ್ಯೂಮಿನಿಯಂ ಕ್ಲೋರೈಡ್ ನೀರಿಗೆ ಬಿದ್ದರೆ ಆಮ್ಲವಾಗುತ್ತದೆ, ಚರ್ಮವೂ ಉರಿಯುತ್ತದೆ, ಬಟ್ಟೆಯೂ ತೂತಾಗುತ್ತದೆ. ಆಮೇಲೆ ಬಂದ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಸ್ವಲ್ಪ ಸೌಮ್ಯ. ಈಗ ರೋಲ್-ಆನ್‌ಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಅಲ್ಯೂಮಿನಿಯಂ ಎಂಬ ಪದ ಇದ್ದರೆ ಸಾಮಾನ್ಯವಾಗಿ ಅದು ಬೆವರು ತಡೆಯುವುದು, ಇಲ್ಲದಿದ್ದರೆ ಬರೀ ಡಿಯೋಡರಂಟ್. ಹೆಚ್ಚು ಓದುವ ಅಗತ್ಯವೇ ಇಲ್ಲ.

ಇಲ್ಲೊಂದು ತಮಾಷೆ. "ನಮಗೆ ಕೆಮಿಕಲ್ ಬೇಡಪ್ಪ, ಪಟಿಕ ಸಾಕು" ಎನ್ನುವವರು ಬಹಳ. ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಲ್ಲನ್ನೇ ನಯಮಾಡಿ ಕಡ್ಡಿಯಾಗಿಸಿ 'ನೈಸರ್ಗಿಕ ಕ್ರಿಸ್ಟಲ್' ಎಂದು ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ. ಪಟಿಕ ಒಳ್ಳೆಯದೇ, ನಾನೂ ಬಳಸಿದ್ದೇನೆ. ಒದ್ದೆ ಮಾಡಿ ಉಜ್ಜಿದರೆ ಬ್ಯಾಕ್ಟೀರಿಯಾಕ್ಕೆ ಸಹಿಸಲಾಗದ ಹುಳಿ ಚರ್ಮದ ಮೇಲೆ ಉಳಿಯುತ್ತದೆ, ನಾತ ತಗ್ಗುತ್ತದೆ. ಆದರೆ ಅಲ್ಯೂಮಿನಿಯಂ ಬೇಡವೆಂದು ಪಟಿಕ ಹಿಡಿಯುವುದು ಉಪ್ಪು ಬೇಡವೆಂದು ಉಪ್ಪಿನಕಾಯಿ ತಿಂದ ಹಾಗೆ.

ಆ್ಯಂಟಿಪರ್ಸ್ಪಿರಂಟನ್ನು ನಾವು ಹಚ್ಚುವ ಹೊತ್ತೂ ತಪ್ಪು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕಂಕುಳಿಗೆ ಒಂದು ಸಲ ಎಳೆದು, ಅಂಗಿ ತೊಟ್ಟು ಬಸ್ಸಿಗೆ ಓಡಿದರೆ ಅರ್ಧ ಲವಣ ಬನಿಯನ್ನಿಗೆ, ಇನ್ನರ್ಧ ಬೆವರಿನ ಪಾಲು. ರಾತ್ರಿ ಮಲಗುವ ಮುಂಚೆ, ಚೆನ್ನಾಗಿ ಒರೆಸಿ ಆರಿದ ಮೇಲೆ ಹಚ್ಚಬೇಕು. ನಿದ್ದೆಯಲ್ಲಿ ಬೆವರು ಕಡಿಮೆ, ಲವಣ ತಣ್ಣಗೆ ಕೊಳವೆಗೆ ಇಳಿಯುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಒಳಗಿನ ಬಿರಡೆ ಹೋಗುವುದಿಲ್ಲ. ಹಾಗಂತ ಪವಾಡ ಬೇಡ. ಅಮೆರಿಕದ ಔಷಧ ನಿಯಂತ್ರಕರ ನಿಯಮದ ಪ್ರಕಾರ ಬೆವರನ್ನು ಶೇ. 20ರಷ್ಟು ತಗ್ಗಿಸಿದರೆ ಸಾಕು, ಆ್ಯಂಟಿಪರ್ಸ್ಪಿರಂಟ್ ಎಂದು ಕರೆದುಕೊಳ್ಳಬಹುದು, ಶೇ. 30 ಆದರೆ 'ಹೆಚ್ಚು ಪರಿಣಾಮಕಾರಿ' ಎನ್ನಬಹುದು. ಅಂಗೈ ಬೆವರಿ ಪರೀಕ್ಷೆಯ ಉತ್ತರಪತ್ರಿಕೆ ತೊಯ್ಯುವ ಮಕ್ಕಳಿದ್ದಾರೆ, ಅದು ಅಂಗಡಿ ಡಬ್ಬಿಗೆ ಬಗ್ಗುವ ತೊಂದರೆಯಲ್ಲ. ಅದಕ್ಕೆ ಹೆಚ್ಚು ಸಾಂದ್ರತೆಯ ಅಲ್ಯೂಮಿನಿಯಂ ಕ್ಲೋರೈಡ್, ನೀರಿನಲ್ಲಿ ಕೈಯಿಟ್ಟು ಸಣ್ಣ ವಿದ್ಯುತ್ ಹಾಯಿಸುವ ಚಿಕಿತ್ಸೆ, ಬೊಟಾಕ್ಸ್ ಚುಚ್ಚುಮದ್ದು ಎಲ್ಲ ಇವೆ. ವೈದ್ಯರ ಹತ್ತಿರ ಹೋಗಲು ನಾಚುವ ವಿಷಯವಲ್ಲ.

ತಡೆದ ಬೆವರು ಒಳಗೇ ವಿಷವಾಗಿ ಉಳಿಯುವುದಿಲ್ಲವೇ? ಇಲ್ಲ. ವಿಷ ಹೊರಹಾಕುವುದು ಮೂತ್ರಪಿಂಡ ಮತ್ತು ಯಕೃತ್ತಿನ ಕೆಲಸ. ಬೆವರಿನದು ಮೈ ತಣಿಸುವ ಕೆಲಸ, ಅದರಲ್ಲೂ ಕಂಕುಳಿನ ಪಾಲು ತೀರಾ ಚಿಕ್ಕದು.

ಈಗ ಚರ್ಮದ ಮಾತು. ಕಂಕುಳಲ್ಲಿ ತುರಿಕೆ, ಕೆಂಪು ಬಂದಾಗ ಚರ್ಮತಜ್ಞರು ಮೊದಲು ನೋಡುವುದು ಅದು ಎಲ್ಲಿದೆ ಎಂದು. ಗುಳಿಯ ನಡುವೆಯೇ ಕೆಂಪಾಗಿದ್ದರೆ ಹಚ್ಚಿದ್ದರ ಮೇಲೆ ಅನುಮಾನ. ಗುಳಿ ಸ್ವಚ್ಛವಾಗಿದ್ದು ಸುತ್ತಲಿನ ಅಂಚು, ಅಂಗಿಯ ಹೊಲಿಗೆ ಉಜ್ಜುವ ಜಾಗ ಕೆಂಪಾಗಿದ್ದರೆ ಬಟ್ಟೆಯ ಬಣ್ಣದ ಮೇಲೆ ಅನುಮಾನ. ಇಂಥ ಸರಳ ಪತ್ತೇದಾರಿಕೆ ನನಗೆ ಬಹಳ ಇಷ್ಟ. ಹಚ್ಚಿದ್ದೇ ಕಾರಣವಾದರೆ ಅದರಲ್ಲೂ ಎರಡು ಬಗೆ. ರೇಜರ್ ಹಾಕಿದ ಕೂಡಲೇ ಆಲ್ಕೊಹಾಲಿನ ಡಬ್ಬಿ ಹೊಡೆದರೆ ಉರಿಯುತ್ತದೆ, ಅದು ಯಾರಿಗಾದರೂ ಆಗುವಂಥದ್ದು. ಅಡುಗೆ ಸೋಡಾ ಹಾಕಿದ 'ನ್ಯಾಚುರಲ್' ಮುಲಾಮುಗಳದೂ ಇದೇ ಕಥೆ. ನಮ್ಮ ಚರ್ಮ ತುಸು ಹುಳಿ, ಸೋಡಾ ಕ್ಷಾರ, ಇಬ್ಬರಿಗೂ ಹೊಂದಿಕೆಯಾಗುವುದಿಲ್ಲ. ಇನ್ನೊಂದು ನಿಜವಾದ ಅಲರ್ಜಿ. ವರ್ಷಗಟ್ಟಲೆ ಏನೂ ಆಗದೆ ಒಂದು ದಿನ ಶುರುವಾಗುತ್ತದೆ, ಆಮೇಲೆ ಅದೇ ವಸ್ತು ಸೋಂಕಿದಾಗಲೆಲ್ಲ ತಿರುಗಿ ಬರುತ್ತದೆ. ಇಲ್ಲಿ ಮುಖ್ಯ ಆರೋಪಿ ಅಲ್ಯೂಮಿನಿಯಂ ಅಲ್ಲ, ಸುಗಂಧ. ಲಿಲಿ ಹೂವಿನ ಪರಿಮಳ ಕೊಡುವ ಲೈರಾಲ್ ಎಂಬ ಪದಾರ್ಥ ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ ಐರೋಪ್ಯ ಒಕ್ಕೂಟ ಅದನ್ನು ನಿಷೇಧಿಸಿ 2021ರ ಹೊತ್ತಿಗೆ ಅಂಗಡಿಗಳಿಂದಲೇ ತೆಗೆಸಿತು.

ಗಂಧದ ನಾಡಿನವರು ಈ ಮಾತಿಗೆ ಮುನಿಯಬಾರದು. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಗೆ ತಮ್ಮನಾಗಿ 1944ರಲ್ಲಿ ಶಿವಮೊಗ್ಗದಲ್ಲೂ ಒಂದು ಕಾರ್ಖಾನೆ ಬಂತು. ಗಂಧದೆಣ್ಣೆಯ ಸ್ಯಾಂಟಲಾಲ್ ನಿಧಾನಕ್ಕೆ ಆರುವ ಭಾರದ ಅಣು; ತಾನೂ ಉಳಿದು ಜೊತೆಗಿರುವ ಹಗುರ ಪರಿಮಳಗಳನ್ನೂ ಹಿಡಿದಿಡುತ್ತದೆ ಎಂದೇ ಜಗತ್ತಿನ ಅತ್ತರಿನವರೆಲ್ಲ ಅದರ ಹಿಂದೆ ಬಿದ್ದದ್ದು. ಆದರೆ ಚರ್ಮಕ್ಕೆ ನೈಸರ್ಗಿಕ, ಕೃತಕ ಎಂಬ ಭೇದ ತಿಳಿಯದು. ಅಪರೂಪಕ್ಕೆ ಗಂಧದೆಣ್ಣೆಗೂ ಅಲರ್ಜಿಯಾಗುವವರಿದ್ದಾರೆ. ಹೊಸದು ಯಾವುದೇ ಇರಲಿ, ಮೊದಲು ಮೊಳಕೈ ಒಳಮಗ್ಗುಲಿಗೆ ನಾಲ್ಕು ದಿನ ಹಚ್ಚಿ ನೋಡುವುದು ಜಾಣತನ.

ಸ್ಪ್ರೇ ಡಬ್ಬಿಯ ಗ್ಯಾಸು ಬ್ಯೂಟೇನ್, ಪ್ರೊಪೇನ್, ಅಂದರೆ ಅಡುಗೆ ಅನಿಲದ ಬಳಗ. ಒಲೆಯ ಹತ್ತಿರ, ದೀಪದ ಮುಂದೆ ಹೊಡೆಯಬಾರದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಚರ್ಮಕ್ಕೆ ಆನಿಸಿ ಒಂದೇ ಕಡೆ ಹೊಡೆದರೆ ಗ್ಯಾಸು ಆರುವ ಚಳಿಗೇ ಚರ್ಮ ಸುಟ್ಟ ಗಾಯವಾಗುತ್ತದೆ. ಹಾಸ್ಟೆಲ್ ಹುಡುಗರು ಪಂಥ ಕಟ್ಟಿ ಇದನ್ನು ಮಾಡಿಕೊಳ್ಳುತ್ತಾರೆ. ಮಾಡಬೇಡಿ.

ನಮ್ಮ ಮಲೆನಾಡಿನ ತೊಂದರೆ ಮತ್ತೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಅರೆಒದ್ದೆ ಬನಿಯನ್ ತೊಟ್ಟು, ಮುಗ್ಗಲು ವಾಸನೆ ಮರೆಸಲು ಡಿಯೋ ಹೊಡೆದು ಹೊರಡುತ್ತೇವೆ. ಕಂಕುಳಲ್ಲಿ, ತೊಡೆಸಂದಿನಲ್ಲಿ ಉಂಗುರದಂಥ ಕಲೆ ತುರಿಸಲು ಶುರುವಾದರೆ ಅದು ಡಿಯೋ ಅಲರ್ಜಿಯಲ್ಲ, ಹುಳುಕಡ್ಡಿ, ಬೂಷ್ಟಿನ ಸೋಂಕು. ಇದಕ್ಕೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮೂರು ಬೆರಕೆಯ ಮುಲಾಮು ಹಚ್ಚುವುದು ನಮ್ಮ ಕಡೆಯ ದೊಡ್ಡ ಪಿಡುಗು. ಅದರಲ್ಲಿರುವ ಸ್ಟೀರಾಯ್ಡ್ ಎರಡು ದಿನ ತುರಿಕೆ ಅಡಗಿಸಿ ಒಳಗೊಳಗೇ ಸೋಂಕನ್ನು ಬೆಳೆಸುತ್ತದೆ, ಚರ್ಮ ತೆಳುವಾಗಿ ಹಿಗ್ಗಿದ ಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಚೀಟಿ ಕೇಳುತ್ತಾರೆಯೇ ಎಂಬುದನ್ನು ನೀವೇ ಹೇಳಿ.

ಆ್ಯಂಟಿಪರ್ಸ್ಪಿರಂಟಿನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. 2002ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾನ್ಸರ್ ಇದ್ದ 813 ಹೆಂಗಸರನ್ನೂ ಇಲ್ಲದ 793 ಹೆಂಗಸರನ್ನೂ ಹೋಲಿಸಿ ನೋಡಿದರು, ಸಂಬಂಧ ಕಾಣಲಿಲ್ಲ. ಚರ್ಮದ ಮೂಲಕ ಮೈಗೆ ಸೇರುವ ಅಲ್ಯೂಮಿನಿಯಂ ಅತ್ಯಲ್ಪ. 2020ರಲ್ಲಿ ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿ, ಸ್ಪ್ರೇ ಅಲ್ಲದವುಗಳಲ್ಲಿ ಶೇ. 6.25ರವರೆಗೆ ಅಲ್ಯೂಮಿನಿಯಂ ಇದ್ದರೆ ಸುರಕ್ಷಿತ ಎಂದಿತು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು, ಅಲ್ಯೂಮಿನಿಯಂ ಹೊರಹಾಕುವುದು ಆ ಅಂಗವೇ. ಮಮೊಗ್ರಾಂ ಮಾಡಿಸಿಕೊಳ್ಳುವ ದಿನ ಯಾರೂ ಹಚ್ಚಿಕೊಂಡು ಹೋಗಬಾರದು. ಕಂಕುಳಿನಲ್ಲಿ ಉಳಿದ ಲೋಹದ ಕಣ ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಂಡು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಬಿಳಿ ಅಂಗಿಯ ಕಂಕುಳಿನಲ್ಲಿ ಮೂಡುವ ಹಳದಿ ಕಲೆಗೂ ಬೆವರು ಮತ್ತು ಅಲ್ಯೂಮಿನಿಯಂ ಬೆರೆತದ್ದೇ ಕಾರಣ. ಅಂಗಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ವ್ಯಾಯಾಮ ಮಾಡಿದವರ ಬಟ್ಟೆಗಳನ್ನು ಹೋಲಿಸಿ ಬೆಲ್ಜಿಯಂನವರು 2014ರಲ್ಲಿ ಕಂಡುಕೊಂಡದ್ದು: ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರುತ್ತದೆ. ಬಸ್ಸಿನಲ್ಲಿ ನಿಂತವರಿಗೆ ಈ ಸಂಶೋಧನೆ ಬೇಕಿರಲಿಲ್ಲ.

ಕೊನೆಗೆ ಕಪ್ಪು ಕಂಕುಳು. ಡಿಯೋದಿಂದ ಕಪ್ಪಾಯಿತೆಂದು ನಿಂಬೆಹಣ್ಣು ತಿಕ್ಕುವವರು, ಬೆಳ್ಳಗಾಗಿಸುವ ರೋಲ್-ಆನ್ ಕೊಳ್ಳುವವರು ಮನೆಮನೆಯಲ್ಲೂ ಇದ್ದಾರೆ. ಉಜ್ಜಾಟ, ಅಲರ್ಜಿಯ ಹಳೆಯ ಗುರುತುಗಳಿಂದ ಕಪ್ಪಾಗುವುದು ನಿಜ. ಆದರೆ ಕಂಕುಳ ಜೊತೆಗೆ ಕುತ್ತಿಗೆಯ ಹಿಂಭಾಗವೂ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗೆ ಸಿಗುತ್ತಿದ್ದರೆ ಅದು ಕೊಳೆಯೂ ಅಲ್ಲ, ಡಿಯೋದ ತಪ್ಪೂ ಅಲ್ಲ. ಮೈ ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತಿದೆ ಎಂಬ ಸೂಚನೆ ಅದು, ಎಷ್ಟೋ ಸಲ ಸಕ್ಕರೆ ಕಾಯಿಲೆ ಬರುವ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ತೂಕ ಹೆಚ್ಚಿರುವ ಹೈಸ್ಕೂಲು ಮಕ್ಕಳಲ್ಲೂ ಈಗ ಇದನ್ನು ನೋಡುತ್ತಿದ್ದೇವೆ, ಕುತ್ತಿಗೆ ಸರಿಯಾಗಿ ತಿಕ್ಕಿ ಸ್ನಾನ ಮಾಡಲ್ಲ ಎಂದು ಬೈಯುತ್ತಿದ್ದೇವೆ. ಬೈಯುವುದನ್ನು ಬಿಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ, ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತದ ಸಕ್ಕರೆ ನೋಡಿಸಿ.